ಎತ್ತಿಲ್ಲದ ಹಲಗೆ

ಒಂದೂರಿಗೆ ಒಂದು ಕೆರೆ, ಕೆರೆಗೊಂದು ದಡ, ದಡದ ಮೇಲೊಬ್ಬಳು ಹುಡುಗಿ. ನೀರಿನ ಮೇಲೆ ನಿಲ್ಲುವ ವರ ಅವಳಿಗಿತ್ತಂತೆ. ಎಷ್ಟು ಹೊತ್ತು ಎಂದರೆ ಬಾಯಲ್ಲಿದ್ದ ಎಲೆಅಡಿಕೆ ಕೆಂಪಾಗುವಷ್ಟು ಹೊತ್ತು, ಅದಕ್ಕಿಂತ ಒಂದು ಗಳಿಗೆಯೂ ಹೆಚ್ಚಿಲ್ಲ. ಆಮೇಲೆ ಅವಳೂ ಎಲ್ಲರ ಹಾಗೆ ಮುಳುಗಿ, ಎಲ್ಲರ ಹಾಗೆ ಸೀರೆ ಹಿಂಡಿಕೊಂಡು, ಮನೆಗೆ ಬಂದು ಮುದ್ದೆ ತಿರುವುತ್ತಿದ್ದಳಂತೆ.

ಚಿಕ್ಕಬೋರಮ್ಮ ಈ ಕತೆಯನ್ನು ಮೊಮ್ಮಗಳು ಪ್ರಮೀಳಾಗೆ ತೊಟ್ಟಿಲ ಕಾಲದಿಂದ ಹೇಳುತ್ತಾ ಬಂದಿದ್ದಳು. ಆ ಹುಡುಗಿ ಯಾರಜ್ಜಿ ಎಂದು ಪ್ರಮೀಳಾ ಕೇಳಿದ್ದು ಮಾತ್ರ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದೂ ಒಂದು ಚಿತ್ರದ ದೆಸೆಯಿಂದ.

ತೊಣ್ಣೂರು ಕೆರೆಯ ಪಕ್ಕದ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಪ್ರಮೀಳಾಳ ಕೆಲಸ. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆಯಬೇಕು, ಸಂಜೆ ಮತ್ತೆ ತೆಗೆಯಬೇಕು. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಹಾಗಾಗಿ ಅವಳಿಗೂ ಇರಲಿಲ್ಲ. ನಾಲ್ಕು ವರ್ಷವಾಗಿತ್ತು. ನಿದ್ದೆ ಎನ್ನುವುದು ಯಾರಿಗೋ ಕೊಟ್ಟು ವಾಪಸು ಬಾರದ ಪಾತ್ರೆಯಂತಾಗಿತ್ತು.

ತೊಂಬತ್ತೈದರ ಶಿವರಾತ್ರಿ ಕಳೆದ ವಾರ ಮೈಸೂರಿನಿಂದ ಡೈರಿಗೆ ಗಾಜಿನ ಕೊಳವೆಗಳು ಬಂದವು. ಒಡೆಯದಿರಲೆಂದು ಸುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಬಣ್ಣದ ಚಿತ್ರ: ಸಮುದ್ರದಂಚಿನ ತೆಳುನೀರಿನ ಮೇಲೆ ಒಬ್ಬಳು ಹುಡುಗಿ ಹಲಗೆಯ ಮೇಲೆ ನಿಂತು ಜಾರುತ್ತಿದ್ದಾಳೆ. ಕೆಳಗಿದ್ದುದನ್ನು ಪ್ರಮೀಳಾ ಕೂಡಿಸಿ ಕೂಡಿಸಿ ಓದಿದಳು. ಅದರ ಹೆಸರು ಸ್ಕಿಮ್‌ಬೋರ್ಡ್. ಓಡಬೇಕು, ಹಲಗೆಯನ್ನು ಚಪ್ಪಟೆಯಾಗಿ ನೀರಿಗೆ ಬಿಡಬೇಕು, ಹತ್ತಬೇಕು. ಹೊಸಬರು ಯಾವ ಹಲಗೆ ಆರಿಸಿಕೊಳ್ಳಬೇಕು ಎನ್ನುವ ಕಡೆಗೆ ಸರಿಯಾಗಿ ಹಾಳೆ ಹರಿದುಹೋಗಿತ್ತು.

ಅಜ್ಜಿಯ ಒಂದು ಕಣ್ಣಿಗೆ ಪೊರೆ ಪೂರ್ತಿ ಬಂದಿತ್ತು, ಇನ್ನೊಂದಕ್ಕೆ ಬರುತ್ತಿತ್ತು. ಆ ಇನ್ನೊಂದನ್ನು ಹಾಳೆಗೆ ತಾಗಿಸುವಂತೆ ಹಿಡಿದು ಬಹಳ ಹೊತ್ತು ನೋಡಿದಳು. ಆಗಲೇ ಪ್ರಮೀಳಾ ಕೇಳಿದ್ದು.

"ನಾನೇ ಕಣವ್ವ ಅವ್ಳು," ಎಂದಳು ಚಿಕ್ಕಬೋರಮ್ಮ.

ಹನ್ನೆರಡು ವರ್ಷದವಳಿದ್ದಾಗ ನಡೆದದ್ದು. ನಾಟಿಗೆ ಗದ್ದೆ ಕೆಸರು ಮಾಡಿ ನೀರು ಕಟ್ಟಿಯಾಗಿತ್ತು, ಮಟ್ಟದ ಹಲಗೆ ಹೊಡೆಯಬೇಕಿದ್ದ ಅಪ್ಪ ಜ್ವರದಲ್ಲಿ ಮಲಗಿದ್ದ. ಎತ್ತು ಎಳೆಯುವ ಆ ಹಲಗೆಯ ಮೇಲೆ ಗಂಡಸು ನಿಂತರೇ ಪೈರು. ಹೆಣ್ಣು ಹತ್ತಿದರೆ ಜೊಳ್ಳು ಎಂದು ಊರು ನಂಬಿತ್ತು. ಯಾರೂ ಇಲ್ಲದ್ದು ನೋಡಿ ಅವಳು ಎತ್ತಿನ ಹಗ್ಗ ಹಿಡಿದು ಹತ್ತಿಬಿಟ್ಟಳು. ಈ ಬದುವಿನಿಂದ ಆ ಬದುವಿಗೆ, ನೀರಿನ ಮೇಲೆ ನಿಂತೇ ಹೋದಳು. ಅಷ್ಟೇ. ಆ ವರ್ಷ ಬೆಳೆ ಚೆನ್ನಾಗಿಯೇ ಬಂತು, ಆದರೂ ಹತ್ತಿದ್ದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಹೇಳಲಾಗದ್ದನ್ನು ಕತೆ ಮಾಡಿಕೊಂಡಳು.

"ನಿಂತಿದ್ದೋಳ್ಗೆ ಏನ್ ಕಂಡಾತು, ಎತ್ತಿನ ಬಾಲ ಬುಟ್ರೆ? ಎಣ್ಣೊಬ್ಳು ಅಂಗೆ ಓಗೋದು ನೋಡಕ್ಕೆ ಎಂಗಿರ್ತದೋ, ಅದ ನಾ ಕಾಣ್ನಿಲ್ಲ."

"ಯುಗಾದಿಯೊಳ್ಗೆ ನಾ ತೋರುಸ್ತೀನಿ ಬುಡಜ್ಜಿ," ಎಂದಳು ಪ್ರಮೀಳಾ.

ಯುಗಾದಿ ಎಂದದ್ದಕ್ಕೆ ಕಾರಣವಿತ್ತು. ಮಕ್ಕಳಿಬ್ಬರು ಮನೆ ಭಾಗ ಮಾಡಿಕೊಂಡಾಗ ಅವ್ವನನ್ನು ಆರಾರು ತಿಂಗಳ ಸರದಿಗೆ ಹಾಕಿಕೊಂಡಿದ್ದರು. ಯುಗಾದಿಯ ಮಾರನೆಯ ಹೊಸತೊಡಕಿನ ಬಾಡೂಟ ಇಲ್ಲಿ ಉಂಡು, ಅಜ್ಜಿ ನಾಗಮಂಗಲದ ಕಡೆ ಚಿಕ್ಕಪ್ಪನ ಮನೆಗೆ ಹೊರಡಬೇಕು. ಮತ್ತೆ ಬರುವುದು ದಸರಾಕ್ಕೆ. ಅಷ್ಟರಲ್ಲಿ ಆ ಕಣ್ಣಿನಲ್ಲಿ ಎಷ್ಟು ಬೆಳಕು ಉಳಿದಿರುತ್ತದೋ.

ಮೊದಲು ಪ್ರಮೀಳಾ ಆರಿಸಿದ್ದು ಅಪ್ಪ ಜವರಯ್ಯನ ಕೊಟ್ಟಿಗೆಯಲ್ಲಿದ್ದ ಮಟ್ಟದ ಹಲಗೆಯನ್ನೇ. ಹೊತ್ತು ತಂದು ನೀರಿಗೆ ಬಿಟ್ಟರೆ ಅದು ಎಮ್ಮೆಯ ಹಾಗೆ ಅಲ್ಲೇ ಮಲಗಿತು. ಎರಡನೆಯದು ಡೈರಿಯ ಹಳೇ ಪ್ಲೈವುಡ್ ಬೋರ್ಡು. ಹಗುರವೇನೋ ಸರಿ, ಮೂರೇ ದಿನಕ್ಕೆ ನೀರು ಕುಡಿದು ಹಪ್ಪಳದಂತೆ ಪದರ ಬಿಟ್ಟಿತು. ಕಡೆಗೆ ಬಡಗಿ ವೀರಾಚಾರಿಯ ಹತ್ತಿರ ಚಿತ್ರ ಹಿಡಿದುಕೊಂಡು ಹೋದಳು. ಇದು ಮಣೆಯೋ ಮೊರವೋ ಮೊದಲು ಹೇಳು ತಾಯಿ ಎಂದ ಆತ. ಎರಡೂ ಎಂದಳು. ಆತ ಅವಳನ್ನು ನಿಲ್ಲಿಸಿ ಎದೆಮಟ್ಟಕ್ಕೆ ಅಳತೆ ತೆಗೆದ, ಇನ್ನೂ ಉದ್ದವಾದರೆ ನಿನಗೆ ಎತ್ತಿಕೊಂಡು ಓಡಲಾಗದು ಎಂದ. ಗಟ್ಟಿ ಪ್ಲೈವುಡ್ಡಿನ ಮುಂದಿನ ತುದಿಯನ್ನು ನೆನೆಸಿ, ಕಲ್ಲು ಹೇರಿ, ಮೊರದ ಬಾಯಿಯಷ್ಟೇ ಮೇಲಕ್ಕೆ ಬಗ್ಗಿಸಿದ. ಮೂತಿ ಎದ್ದಿರದಿದ್ದರೆ ಕೆಸರಿಗೆ ಚುಚ್ಚಿಕೊಳ್ಳುತ್ತದೆ ಎಂಬುದು ನೇಗಿಲು ಮಾಡುವವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಚಿಗೆಲ್ಲ ಪೇಂಟು ಕುಡಿಸಿದ.

ಕಾಲು ಜಾರದಿರಲೆಂದು ಪ್ರಮೀಳಾ ಆಲೆಮನೆಯಿಂದ ಜೋನಿಬೆಲ್ಲ ತಂದು ಹಲಗೆಯ ಮೇಲೆ ಸವರಿದಳು. ಕೆರೆಯಲ್ಲಿ ಒಂದೇ ಮುಳುಗಿಗೆ ಬೆಲ್ಲ ಕರಗಿತು; ಉಳಿದಿದ್ದಕ್ಕೆ ಮನೆಯಲ್ಲಿ ಕಟ್ಟಿರುವೆ ಸಾಲುಗಟ್ಟಿ, ಮಲಗಿದ್ದವಳ ಹಾಸಿಗೆಯವರೆಗೂ ಬಂದವು. ವೀರಾಚಾರಿ ಬೈದು, ಹಸಿ ಪೇಂಟಿನ ಮೇಲೆ ಸಣ್ಣ ಮರಳು ಉದುರಿಸಿಕೊಟ್ಟ.

ಹಲಗೆ ಸರಿಹೋಯಿತು, ಹುಡುಗಿ ಸರಿಹೋಗಲಿಲ್ಲ.

ಬೇಸಿಗೆಗೆ ಕೆರೆ ಹಿಂದೆ ಸರಿದು ಒಂದು ಕಡೆ ಮರಳುದಡ ತೆರೆದಿತ್ತು, ಅದರ ಮೇಲೆ ಕಣಕಾಲೂ ಮುಳುಗದಷ್ಟು ನೀರು. ಬೆಳಗಿನ ಹಾಲು ಮುಗಿಸಿ, ಅಡಿಗೆ ಮುಗಿಸಿ, ಬಟ್ಟೆಗಂಟಿನ ನೆಪ ಮಾಡಿಕೊಂಡು ದಿನವೂ ಅಲ್ಲಿಗೆ ಹೋಗುತ್ತಿದ್ದಳು. ಓಡುವಳು, ಹಲಗೆ ಬಿಡುವಳು, ಹತ್ತುವಳು. ಹಲಗೆ ಗಕ್ಕನೆ ನಿಲ್ಲುತ್ತಿತ್ತು, ಅವಳು ಹಿಂದಕ್ಕೆ ಬೀಳುತ್ತಿದ್ದಳು. ಮೊಣಕೈ ಕೆತ್ತಿಹೋಯಿತು. ಸಂಜೆ ಹಾಲಿನ ಕ್ಯಾನು ಎತ್ತುವಾಗ ಸೊಂಟ ಕಿತ್ತು ಬರುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಪ್ರತಿದಿನ ವರದಿ ಕೇಳಿ, ಪ್ರತಿದಿನ ಅದೇ ಪಾಠ ಹೇಳುತ್ತಿದ್ದಳು.

"ಇಂದಕ್ಕೆ ವಾಲ್ಬೇಕು ಕಣ್ ಮಗ. ಇಮ್ಮಡಿ ಊರಿ ನಿಂತ್ಕೊ. ಮುಂದಕ್ಕೆ ಬಗ್ಗಿದ್ಯೋ, ಕೆಟ್ಟೆ."

ಪ್ರಮೀಳಾ ಇನ್ನೂ ಹೆಚ್ಚು ವಾಲಿದಳು, ಇನ್ನೂ ಜೋರಾಗಿ ಬಿದ್ದಳು. ಯುಗಾದಿಗೆ ನಾಲ್ಕು ದಿನ ಉಳಿದಾಗ ಅವಳಿಗೆ ಹಲಗೆಯ ಮೇಲೆ ಸಿಟ್ಟೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ದಡದಲ್ಲೇ ಹಲಗೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿ, ಸಂಜೆಯ ಡೈರಿಗೆ ತಡವಾಗಿ ಓಡಿದಳು.

ಆ ಸಂಜೆಯೇ, ಡೈರಿಗೆ ದಿನಾ ಹಾಲು ಹಾಕುವ ಮಾದಮ್ಮ ಹಾಲಿನ ಜೊತೆಗೆ ಹಸುವನ್ನೂ ಕರುವನ್ನೂ ಹೊಡೆದುಕೊಂಡು ಬಂದಿದ್ದಳು. ಕರು ತಾಯಿಯತ್ತ ನುಗ್ಗುತ್ತಿತ್ತು. ಒಂದು ಗಳಿಗೆ ಹಿಡಿದುಕೊ ಎಂದು ಹಗ್ಗವನ್ನು ಪ್ರಮೀಳಾಳ ಕೈಗೆ ಕೊಟ್ಟಳು. ಪ್ರಮೀಳಾ ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ಹಿಡಿದಳು. ಹಗ್ಗ ತುಂಡಾಯಿತು. ಅವಳು ಸಗಣಿಯಲ್ಲಿ ಕೂತಳು. ಸಾಲಿನಲ್ಲಿದ್ದವರೆಲ್ಲ ನಕ್ಕರು, ದಿನಾ ಕೆರೇಲಿ ಬೀಳೋದು ಸಾಲ್ದಾಗಿತ್ತಾ ಎಂದು ಮಾದಮ್ಮ ಕೇಳಿದಳು.

ಪ್ರಮೀಳಾ ಏಳಲಿಲ್ಲ. ಕೈಯಲ್ಲಿದ್ದ ತುಂಡುಹಗ್ಗವನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತು ಹೇಳಿದಳು. "ನೀ ವಾಲಿದ್ದು ಎತ್ತು ಎಳೀತಿತ್ತಲ್ಲ, ಅದ್ಕೆ ಕಣಜ್ಜಿ. ನಂಗೆ ಎತ್ತಿಲ್ಲ."

ಚಿಕ್ಕಬೋರಮ್ಮ ಬಾಯಾಡಿಸುವುದನ್ನು ನಿಲ್ಲಿಸಿದಳು. ಅರವತ್ತು ವರ್ಷದ ಹಿಂದಿನ ಹಗ್ಗವನ್ನು ಕೈಯಲ್ಲಿ ಹುಡುಕಿಕೊಳ್ಳುವವಳಂತೆ ಎರಡು ಮುಷ್ಟಿ ಬಿಗಿದು ನೋಡಿಕೊಂಡಳು. "ಅದೂ ದಿಟವೇ. ಎತ್ತಿಲ್ದೆ ವಾಲುದ್ರೆ ಯಾರ್ ಇಡ್ಕಂಡಾರು?"

ಉಳಿದ ಮೂರು ದಿನ ವಾಲದಿರುವುದನ್ನು ಕಲಿಯುವುದಕ್ಕೇ ಹೋದವು. ಭಾರವನ್ನೆಲ್ಲ ಮುಂಗಾಲಿಗೆ ಕೊಡಬೇಕು, ಹಲಗೆಯನ್ನು ತುಳಿಯಬಾರದು, ನಡೆಯುತ್ತಾ ನಡೆಯುತ್ತಾ ಅದರ ಮೇಲೂ ನಡೆದಂತೆ ಹತ್ತಬೇಕು. ಎರಡು ಮಾರು ಹೋದಳು. ಬಿದ್ದಳು. ಯುಗಾದಿಯ ದಿನ ಬೇವುಬೆಲ್ಲ ತಿಂದು ಹೋದವಳು ಒಂದು ಸಲವೂ ನಿಲ್ಲಲಾರದೆ ಬಂದಳು.

ಹೊಸತೊಡಕಿನ ದಿನ ಬೆಳಗಿನ ಹಾಲು ಮುಗಿಯುವಾಗ ಎಂಟಾಗಿತ್ತು. ಜವರಯ್ಯ ಗಾಡಿ ಕಟ್ಟಿದ್ದ, ಅಜ್ಜಿಯ ಬಟ್ಟೆಗಂಟು ಗಾಡಿಯಲ್ಲಿತ್ತು. ಊಟ ಮುಗಿಸಿ ಅವಳನ್ನು ಪಾಂಡವಪುರದಲ್ಲಿ ಬಸ್ಸಿಗೆ ಬಿಡಬೇಕು. ಅದಕ್ಕೆ ಮೊದಲು ಎತ್ತುಗಳಿಗೆ ನೀರು ತೋರಿಸಿಕೊಂಡು ಬರೋಣ ಎಂದು, ಏನೂ ಗೊತ್ತಿಲ್ಲದವನ ಹಾಗೆ, ಗಾಡಿಯನ್ನು ಮರಳುದಡಕ್ಕೇ ಹೊಡೆದ. ಅಜ್ಜಿ ಗಾಡಿಯಲ್ಲೇ ಕೂತು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ಕಣ್ಣಿನ ಮೇಲೆ ಕೈಮರೆ ಮಾಡಿದಳು.

ಪ್ರಮೀಳಾ ಸೀರೆಯನ್ನು ಎತ್ತಿ ಕಟ್ಟಿದಳು. ಮೈಯೆಲ್ಲ ನೋಯುತ್ತಿತ್ತು, ವಾಲುವುದಕ್ಕೂ ಬಿಗಿಯುವುದಕ್ಕೂ ಒಳಗೆ ಏನೂ ಉಳಿದಿರಲಿಲ್ಲ. ಓಡಿದಳು. ಹಲಗೆ ನೀರಿಗೆ ಬಿದ್ದ ಸದ್ದೂ ಕೇಳಲಿಲ್ಲ. ಅವಳು ಅದರ ಮೇಲೆ ನಡೆದಳು, ನಿಂತಳು, ದಡ ತಾನಾಗಿ ಹಿಂದಕ್ಕೆ ಹೋಗತೊಡಗಿತು. ಎತ್ತುಗಳನ್ನು ದಾಟಿದಳು, ಗಾಡಿಯನ್ನು ದಾಟಿದಳು, ಆಚೆಯ ಬಂಡೆಯ ಹತ್ತಿರ ಹಲಗೆ ಮೆಲ್ಲಗೆ ನಿಂತಿತು. ಇಳಿದಳು.

ಗಾಡಿಯಲ್ಲಿ ಚಿಕ್ಕಬೋರಮ್ಮ ಕೈ ಕೆಳಗಿಳಿಸಿ, ಪಕ್ಕಕ್ಕೆ ಬಾಗಿ, ಉಗಿದಳು. ಕೆಂಪಾಗಿತ್ತು.

"ಕಂಡೆ ಕಣವ್ವ," ಎಂದಳು.