ಹ್ಞೂ ಅಕ್ಕಾ ಅಂದವನು

ನನ್ನ ತಮ್ಮ ಮಾಂತೇಶ ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷವಾಯಿತು. ವಾಸ್ಕೋ ಬಂದರಿನ ಮೇಲಿನ ಸಡಾ ಗುಡ್ಡದ ಇದೇ ಮನೆಯ ಬಾಗಿಲಲ್ಲಿ ನಿಂತು ನಾವಿಬ್ಬರೂ ಜಗಳವಾಡಿದೆವು, ಅವನು ಗುಡ್ಡ ಇಳಿದು ಹೋದ. ಸಂಜೆಗೆ ಸಿಟ್ಟಿಳಿದು ಬರುತ್ತಾನೆ ಎಂದು ಎರಡು ರೊಟ್ಟಿ ಹೆಚ್ಚಿಗೆ ಬಡಿದಿಟ್ಟೆ. ಬರಲಿಲ್ಲ. ಬಂದರಿನಲ್ಲಿ ಅವನ ಜೊತೆ ಮೂಟೆ ಹೊರುತ್ತಿದ್ದವರನ್ನೆಲ್ಲ ಕೇಳಿದೆ, ಫೋಂಡಾದ ಕಾರ್ಖಾನೆಗಳ ಗೇಟಿನಲ್ಲಿ ನಿಂತು ಕೇಳಿದೆ. ಪೊಲೀಸರು ಹೆಸರು ಬರೆದುಕೊಂಡರು, ಅಷ್ಟೇ.

ಮೂರು ವರ್ಷದ ಹಿಂದೆ ನನ್ನ ಗಂಡ ಲಚ್ಚಪ್ಪನೂ ತೀರಿಕೊಂಡ. ಮಕ್ಕಳಿಲ್ಲ. ವಾಸ್ಕೋದ ಒಂದು ಖಾನಾವಳಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುತ್ತೇನೆ. ಅಲ್ಲಿ ಎಲ್ಲರೂ "ಚಂದವ್ವಾ, ಇನ್ನೆರಡು" ಎನ್ನುತ್ತಾರೆ. ಅದನ್ನೂ ಮಾತು ಅನ್ನಬೇಕೇ? ಮನೆಗೆ ಬಂದರೆ ಬಾಯಿ ತೆರೆಯುವುದು ಕುಕ್ಕರ್ ಒಂದೇ.

ಕಳೆದ ಶ್ರಾವಣದಲ್ಲಿ ಮೊಬೈಲ್ ಅಂಗಡಿಯ ಅಲ್ತಾಫ ಒಂದು ದಾರಿ ಹೇಳಿದ. "ಫೇಸ್‌ಬುಕ್‌ನಾಗ ತಮ್ಮನ ಫೋಟೋ ಹಾಕೂಣ್ರಿ. ನಮ್ಮ ಕಡಿ ಮಂದಿ ಎಲ್ಲೆಲ್ಲೋ ಅದಾರ, ಯಾರರ ನೋಡಿರ್ತಾರ." ನನಗೆ ಅಂಕಿ ಬಿಟ್ಟರೆ ಓದು ಬಾರದು. ನಾನು ಹೇಳುತ್ತ ಹೋದೆ, ಅವನು ಬರೆಯುತ್ತ ಹೋದ. ಸಿಂದಗಿ ಕಡೆಯ ನಮ್ಮ ಊರು, ಅಪ್ಪ ಕೇಶಪ್ಪ, ಅವ್ವ ಸತ್ಯವ್ವ, ತಮ್ಮನ ಎಡಹುಬ್ಬಿನ ಮೇಲಿನ ಗಾಯ, ನನ್ನ ಹೆಸರು, ನನ್ನ ನಂಬರು, ಎಲ್ಲ. ಹೆಚ್ಚು ಹೇಳಿದಷ್ಟೂ ಬೇಗ ಸಿಗುತ್ತಾನೆ ಎಂದು ನಂಬಿದ್ದೆ.

ಒಂಬತ್ತನೇ ದಿನ ಫೋನ್ ಬಂತು.

"ಅಕ್ಕಾ, ನಾ ಮಾಂತೇಶ."

ಅತ್ತದ್ದೇ ಅತ್ತದ್ದು. ಅವನೂ ಅತ್ತ. ಸೂರತ್ತಿನ ಬಟ್ಟೆ ಕಾರ್ಖಾನೆಯಲ್ಲಿದ್ದಾನಂತೆ, ಮಾಲೀಕ ಕಾಗದಪತ್ರ ಕಸಿದುಕೊಂಡಿದ್ದಾನಂತೆ. ದನಿ ಬೇರೆ ಅನಿಸಿತು. ಹನ್ನೊಂದು ವರ್ಷವಾದರೆ ದನಿ ಹಾಗೇ ಇರುತ್ತದೆಯೇ? ನಮ್ಮ ಮಾಂತೇಶ ನನ್ನನ್ನು ಅಕ್ಕಾ ಎಂದವನಲ್ಲ, "ಏ ಚಂದೀ" ಅನ್ನುತ್ತಿದ್ದ. ಪರವೂರಿನ ನೀರು ಕುಡಿದು ಬುದ್ಧಿ ಬಂದಿದೆ ಎಂದುಕೊಂಡೆ.

ಆಮೇಲೆ ದಿನಾ ಸಂಜೆ ಫೋನ್. ನಮ್ಮ ಕಡೆಯವರ ಚಟ ನಿಮಗೆ ಗೊತ್ತಲ್ಲ. ಯಾರಾದರೂ ಸಿಕ್ಕರೆ ಸಾಕು, ಯಾವ ಊರು, ಯಾರ ಪೈಕಿ ಎಂದು ಕೇಳುತ್ತೇವೆ, ಅವರು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

"ನಮ್ಮ ಹಿತ್ತಲದಾಗ ಹುಣಸಿ ಗಿಡ ಇತ್ತಲ್ಲೋ, ನೆನಪೈತೇನು?"

"ಹ್ಞೂ ಅಕ್ಕಾ, ಅದನ್ನ ಮರಿಯಾಕ ಅಕ್ಕೈತೇನು?"

"ಅವ್ವ ಹುಣಸಿಹಣ್ಣು ಬೆಲ್ಲದ ಚಿಗಳಿ ಕುಟ್ಟಿ ಕಡ್ಡಿಗೆ ಸಿಗಿಸಿ ಕೊಡ್ತಿದ್ದಳು."

"ಹ್ಞೂ ಅಕ್ಕಾ, ಬಾಯಾಗ ನೀರು ಬರಾಕತ್ತಾವ."

ಹೀಗೆ ನನ್ನ ಬಾಲ್ಯವನ್ನೆಲ್ಲ ಅವನಿಗೆ ಉಣಿಸಿದೆ. ಸುಳ್ಳು ಯಾಕೆ ಹೇಳಲಿ, ಆ ಹದಿನೈದು ದಿನ ನಾನು ಸುಖವಾಗಿದ್ದೆ. ಖಾನಾವಳಿಯಲ್ಲಿ ಒಲೆಯ ಮುಂದೆ ಕೂತು ಇವತ್ತು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಹದಿನಾರನೇ ದಿನ ಅವನು ಹೇಳಿದ, "ನಾ ಬರಾಕ ತಯಾರ ಆಗೇನಿ ಅಕ್ಕಾ. ನಂದು ಕಾಗದಿಲ್ಲ, ನಿನ್ನ ಆಧಾರ್ ಮ್ಯಾಲೆ ಟಿಕೆಟ್ ತಗಸ್ತೇನಿ. ಕಾರ್ಡಿನ ಫೋಟೋ ಕಳಿಸು. ನಾಳೆ ನಿನ್ನ ಫೋನಿಗೆ ಆರು ಅಂಕಿ ಬರ್ತಾವ, ಅವನ್ನ ನನಗ ಹೇಳು. ಬ್ಯಾರೆ ಯಾರ ಮುಂದೂ ಹೇಳಬ್ಯಾಡ." ಓಡಿಹೋಗಿ ಅಲ್ತಾಫನ ಅಂಗಡಿಯಲ್ಲಿ ಕಳಿಸಿಬರಬೇಕೆಂದರೆ ಅಂಗಡಿ ಮುಚ್ಚಿತ್ತು. ಫೋನಿನಲ್ಲಿ ಅವನೇ ಹೇಳಿಕೊಟ್ಟಂತೆ ಕಾರ್ಡನ್ನು ನಾನೇ ಮೊಬೈಲಿನಲ್ಲಿ ಹಿಡಿದು ಅವನಿಗೆ ಕಳಿಸಿದೆ.

ಪಕ್ಕದ ಮನೆಯ ಲಾಡಬಿ ಬಳೆ ಮಾರುವವಳು. ನಮ್ಮಿಬ್ಬರ ನಡುವೆ ಇರುವುದು ತಗಡಿನ ಗೋಡೆ, ನಾನು ಮಾತಾಡುವುದು ಸ್ಪೀಕರ್ ಹಾಕಿ. ಅವಳು ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಚಂದವ್ವಾ, ಸಿಟ್ಟಾಗಬ್ಯಾಡ. ಹದಿನೈದು ದಿನದಿಂದ ಕೇಳಾಕತ್ತೇನಿ. ಎಲ್ಲಾ ನೀನ ಹೇಳಾಕತ್ತಿ, ಅಂವ ಬರೇ ಹ್ಞೂ ಅನ್ನಾಕತ್ತಾನ. ತಾನಾಗಿ ಒಂದರ ಮಾತು ಹೇಳ್ಯಾನೇನು?"

ನನ್ನ ಸಿಟ್ಟು ನೆತ್ತಿಗೇರಿತು. "ನಿನ್ನ ತಮ್ಮಂದಿರು ಹಬ್ಬಕ್ಕೊಮ್ಮೆ ಬಂದು ಉಂಡು ಹೋಗ್ತಾರ, ನಿನಗೇನ ಗೊತ್ತು? ನನ್ನ ಮನ್ಯಾಗ ಒಂದು ದನಿ ಕೇಳಿಸಿದ್ರ ನಿನ್ನ ಹೊಟ್ಟಿ ಉರೀತೈತೇನು?"

ಲಾಡಬಿ ಕದಲಲಿಲ್ಲ. "ಬೈ ನಮ್ಮವ್ವಾ, ಎಷ್ಟು ಬೇಕಾದ್ರೂ ಬೈ. ಆದ್ರ ಆ ಆರು ಅಂಕಿ ಹೇಳೂಕಿಂತ ಮೊದಲ ಒಂದು ಸುಳ್ಳು ಹೇಳಿ ನೋಡು. ಖರೇ ತಮ್ಮ ಆಗಿದ್ರ ಅಲ್ಲೇ ಹಿಡೀತಾನ."

ಮರುದಿನ ಖಾನಾವಳಿಯಲ್ಲಿ ರೊಟ್ಟಿ ಮೂರು ಸಲ ಸೀದವು. ಕೇಳದೆ ಇದ್ದರೆ ನನಗೊಬ್ಬ ತಮ್ಮ ಇದ್ದಾನೆ. ಕೇಳಿದರೆ ಇರುತ್ತಾನೋ ಇಲ್ಲವೋ. ಲಾಡಬಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಯಾಕೆಂದರೆ ಅವಳು ಹೇಳಿದ್ದು ನನ್ನ ತಲೆಯಲ್ಲೂ ಮೊದಲೇ ಬಂದಿತ್ತು.

ಸಂಜೆ ಫೋನಿಗೆ ಅಂಕಿ ಬಂದವು. ಬೆನ್ನಿಗೇ ಅವನ ಕರೆ.

"ಅಕ್ಕಾ, ಬಂತೇನು?"

"ಬಂದೈತಿ. ಮೊದಲ ಒಂದ ಮಾತು ಹೇಳು. ನೀ ಬೇವಿನ ಗಿಡದಿಂದ ಬಿದ್ದು ಕಾಲು ಮುರಕೊಂಡಾಗ ನಾ ಸೈಕಲ್ ಮ್ಯಾಲೆ ಕುಂದರಿಸಿ ದವಾಖಾನಿಗೆ ಒಯ್ದಿದ್ದೆ. ಈಗ ಆ ಕಾಲು ಹ್ಯಾಂಗೈತಿ?"

ಬಿದ್ದವಳು ನಾನು. ಕಾಲು ನನ್ನದು, ಇವತ್ತಿಗೂ ಗುಡ್ಡ ಹತ್ತುವಾಗ ಹಿಡಿದುಕೊಳ್ಳುತ್ತದೆ. ಸೈಕಲ್ ನೂಕಿದವನು ಅವನು, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ. ನಗು ಮಾರಾಯ, ಒಮ್ಮೆ ನಗು, ಬಿದ್ದಾಕಿ ನೀನು ಹುಚ್ಚೀ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅದನ್ನ ಹ್ಯಾಂಗ ಮರೀಲಿ ಅಕ್ಕಾ?" ಅವನ ದನಿ ಅಳುವಂತಾಯಿತು. "ಥಂಡ್ಯಾಗ ಇನ್ನೂ ನೋಯ್ತೈತಿ. ನೀ ಇರಲಿಲ್ಲಂದ್ರ ನಾ ಕುಂಟ ಆಗ್ತಿದ್ದೆ."

ಕೂಗಾಡಬೇಕೆಂದು ಮಾಡಿದ್ದೆ. ಬಾಯಿಂದ ಬಂದದ್ದು ಇಷ್ಟೇ. "ನೀ ಯಾರಪ್ಪಾ?"

"ಅಂಕಿ ಹೇಳಕ್ಕಾ, ಲಗೂನ. ಟೈಮ್ ಮುಗೀತೈತಿ."

"ಇಲ್ಲ."

ಅವನು ಫೋನ್ ಇಟ್ಟ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದರ ಮರುದಿನ ಸಂಜೆಯೂ ನಾನು ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ.

ಲಾಡಬಿಯೇ ನನ್ನನ್ನು ಅಲ್ತಾಫನ ಅಂಗಡಿಗೆ ಎಳೆದುಕೊಂಡು ಹೋದಳು. ಅವನು ಹಣೆ ಹಣೆ ಬಡಿದುಕೊಂಡ. "ತಪ್ಪು ನಂದೂ ಐತ್ರಿ. ಕೀಲಿಕೈ ನಾವ ಬಾಗಲಾಗ ಇಟ್ಟಂಗಾತು." ಬ್ಯಾಂಕಿಗೆ ಫೋನ್ ಹಚ್ಚಿ ಖಾತೆ ತಡೆಹಿಡಿಸಿದ, ಆಧಾರ್ ಯಾರೂ ಬಳಸದಂತೆ ಬಂದ್ ಮಾಡಿಸಿದ, ಆ ನಂಬರನ್ನು ಬ್ಲಾಕ್ ಮಾಡಿದ, ಸೈಬರ್ ಪೊಲೀಸರಿಗೆ ದೂರು ಬರೆದ. ಫೇಸ್‌ಬುಕ್ಕಿನಿಂದ ಊರು ತೆಗೆದ, ಅಪ್ಪ ಅವ್ವನ ಹೆಸರು ತೆಗೆದ, ಗಾಯದ ಗುರುತೂ ತೆಗೆದ. ಕೊನೆಗೆ ಫೋಟೋ ಒಂದೇ ಉಳಿಯಿತು.

"ನಿಮ್ಮ ನಂಬರ್ ಬ್ಯಾಡ್ರಿ, ಅಂಗಡೀದು ಹಾಕ್ತೇನಿ. ಯಾರರ ಫೋನ್ ಮಾಡಿದ್ರ ಮೊದಲ ನಾ ಮಾತಾಡ್ತೇನಿ. ನಿಮಗ, ನಿಮ್ಮ ತಮ್ಮಗ ಬಿಟ್ಟು ಬ್ಯಾರೆ ಯಾರಿಗೂ ಗೊತ್ತಿಲ್ಲದ ಒಂದು ಮಾತು ಹೇಳ್ರಿ. ಅದನ್ನ ಕೇಳ್ತೇನಿ."

ನಾನು ಹೇಳಿದೆ, "ಮನಿ ಬಿಟ್ಟು ಹೋಗೂ ದಿನ ನಿಮ್ಮಕ್ಕ ಕಡೀಕ ಏನಂದಳು ಅಂತ ಕೇಳು."

"ಉತ್ತರ ಏನ್ರಿ?"

"ಅವರು ಏನ ಹೇಳ್ತಾರ ಅದನ್ನ ನನಗ ಹೇಳು. ಹೌದೋ ಅಲ್ಲೋ ನಾ ಹೇಳ್ತೇನಿ."

ಉತ್ತರವನ್ನು ನಾನು ಸತ್ತ ಗಂಡನಿಗೂ ಹೇಳಿರಲಿಲ್ಲ, ಲಾಡಬಿಗೂ ಹೇಳಿಲ್ಲ. "ನೀ ಸತ್ತರೂ ನನಗ ಸುದ್ದಿ ಮುಟ್ಟಿಸಬ್ಯಾಡ" ಎಂದಿದ್ದೆ. ಬಾಗಿಲಲ್ಲಿ ನಿಂತು, ಓಣಿಗೆಲ್ಲ ಬೆನ್ನು ಮಾಡಿ, ಅವನಿಗಷ್ಟೇ ಕೇಳುವ ಹಾಗೆ.

ಈವರೆಗೆ ನಾಲ್ಕು ಮಂದಿ ಮಾಂತೇಶರು ಫೋನ್ ಮಾಡಿದ್ದಾರೆ. ಅಕ್ಕ ಹುಷಾರಾಗಿ ಹೋಗು ಅಂದಳು ಎಂದ ಒಬ್ಬ. ಲಗೂನ ಬಾ ಅಂದಳು ಎಂದ ಇನ್ನೊಬ್ಬ. ಉಂಡು ಹೋಗು ಅಂದಳು ಎಂದನಂತೆ ಮೂರನೆಯವನು, ಅಳುತ್ತ ಅಂದಳು ಎಂದೂ ಸೇರಿಸಿದನಂತೆ. ನಾಲ್ಕನೆಯವನು ದೇವರು ಚಲೋ ಮಾಡ್ಲಿ ಅಂದಳು ಎಂದ. ಅಲ್ತಾಫ ಬಂದು ಹೇಳಿದಾಗಲೆಲ್ಲ ನಾನು ಅಲ್ಲ ಎಂದು ತಲೆಯಾಡಿಸುತ್ತೇನೆ. ಆ ಕಳ್ಳರಲ್ಲಿ ಒಬ್ಬನಿಗೂ ಒಬ್ಬ ಅಕ್ಕ ಅಂಥ ಮಾತು ಆಡಿರಬಹುದು ಎಂದು ಹೊಳೆದಿಲ್ಲ.