ಕೀಳದೆ ಬಿಟ್ಟ ಸೊಪ್ಪು

ಒಂದು ಹದ ಮಳೆ ಬಿದ್ದರೆ ಸಾಕು, ಹದಿನಾರು ಎಂಬ ಊರಿನ ಮನೆಮನೆಯಲ್ಲೂ ಬೆರಕೆ ಸೊಪ್ಪಿನ ಸಾರಿನದೇ ಮಾತು. ರೋಜಾಳಿಗೆ ಮಾತ್ರ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಸಾರಿನ ಮಾತು ಬಂದ ಕಡೆಯೆಲ್ಲ ವಾರಗಿತ್ತಿ ಗೋವಿಂದಮ್ಮನ ಹೆಸರೂ ಬರುತ್ತಿತ್ತು. ಒಲೆ ಬೇರೆಯಾಗಿ ಅತ್ತೆ ರೋಜಾಳ ಮನೆಯಲ್ಲೇ ಉಳಿದಿದ್ದರೂ, ಅವರ ನಾಲಿಗೆ ಹಿರಿಸೊಸೆಯ ಒಲೆಯ ಹತ್ತಿರವೇ ಇತ್ತು.

“ನೀ ಮಾಡದೂ ಸಾರೇ ಕಣಮ್ಮಿ. ಆದ್ರೂ ಗೋವಿಂದಿ ಕಿತ್ತ ಸೊಪ್ಪಿನ ರುಚಿನೇ ಬ್ಯಾರೆ,” ಎಂದರು ಅತ್ತೆ ಅವತ್ತೂ.

ಮಾರನೆಯ ಬೆಳಿಗ್ಗೆ ರೋಜಾ ಕದ್ದು ಗೋವಿಂದಮ್ಮನ ಹಿಂದೆ ಹೋದಳು. ಗೋವಿಂದಮ್ಮ ತಿಪ್ಪೆಯ ಬದಿಯಲ್ಲಿ ಗಣಿಕೆ ಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಂಡು ಹೊರಟಳು. ಪಕ್ಕದಲ್ಲೇ ಒಂದಷ್ಟು ಎಳೆಯ ಗಿಡಗಳು ಹಾಗೇ ನಿಂತಿದ್ದವು. ‘ನಾಳೆಗೆ ಅಂತ ಬಿಟ್ಟವ್ಳೆ’ ಎಂದುಕೊಂಡ ರೋಜಾ ಒಂದೂ ಬಿಡದೆ ಚಿವುಟಿದಳು. ವಾರಗಿತ್ತಿಯ ಪಾಲು ಹೊಡೆದೆನೆಂಬ ಖುಷಿಯಲ್ಲಿ ಸಾರು ಕಾಯಿಸಿ, ಮೊದಲ ಮುದ್ದೆ ಅತ್ತೆಗೇ ಬಡಿಸಿ, ತಾನು ಗಂಡನ ಜೊತೆ ಉಣ್ಣಲು ಕಾದಳು.

ಗಂಡ ಮಾದೇಶ್ ಹೊಲದಿಂದ ಬರುವಷ್ಟರಲ್ಲಿ ಅತ್ತೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಇಲ್ಲದವರನ್ನೆಲ್ಲ ಕರೆದು ಮಾತಾಡುತ್ತಿದ್ದರು. ಗಾಳಿ ಸೋಕಿದೆ ಎಂದರು ಬೀದಿಯವರು. ಗೋವಿಂದಮ್ಮ ಯಾರ ಮಾತನ್ನೂ ಕೇಳದೆ ಟೆಂಪೋ ಕರೆಸಿ ನಂಜನಗೂಡಿನ ಆಸ್ಪತ್ರೆಗೆ ಹೊರಡಿಸಿ, ತಾನೂ ಹತ್ತಿದಳು.

“ಏನು ತಿಂದಿದ್ರು?” ಡಾಕ್ಟರು ಕೇಳಿದರು.

“ಮುದ್ದೆ, ಸಾರು,” ಎಂದಷ್ಟೇ ಹೇಳಿದಳು ರೋಜಾ. ಸೊಪ್ಪಿನ ವಿಷಯ ಹೇಳಿದರೆ ಗೋವಿಂದಮ್ಮನ ಎದುರು ತಲೆ ತಗ್ಗಿಸಬೇಕು. ಆ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಅವಳ ಬಾಯಿ ಕಟ್ಟಿತ್ತು. ಮಂಚದ ಮೇಲೆ ಅತ್ತೆ ಗಾಳಿಯಲ್ಲಿ ಬೆರಳಾಡಿಸುತ್ತ, ಇಲ್ಲದ ಸೊಪ್ಪು ಬಿಡಿಸುತ್ತಿದ್ದರು. ನೋಡಲಾರದೆ ರೋಜಾ ಅತ್ತುಬಿಟ್ಟಳು.

“ಸೊಪ್ಪಿನ ಸಾರು ಸಾ. ಅಕ್ಕ ತಿಪ್ಪೆ ತಾವ ಬಿಟ್ಟೋಗಿದ್ದ ಗಣಿಕೆನಾ ನಾನೇ ಕಿತ್ಕೊಂಬಂದೆ.”

“ಅದು ಗಣಿಕೆಯಲ್ಲ, ಉಮ್ಮತ್ತಿ, ದತ್ತೂರಿ ಕಣಮ್ಮಿ,” ಎಂದಳು ಗೋವಿಂದಮ್ಮ. “ಬುಡದಲ್ಲೇ ಹಳೇ ಮುಳ್ಳುಕಾಯಿ ಬಿದ್ದಿದ್ವು, ವಿಷ ಅಂತಲೇ ಬಿಟ್ಟಿದ್ದು.”

ಕಾರಣ ತಿಳಿದ ಡಾಕ್ಟರು ತಡಮಾಡಲಿಲ್ಲ. ಅತ್ತೆ ಬದುಕಿ ಮನೆಗೆ ಬಂದರು.

“ಎಳೇದ್ರಲ್ಲಿ ಎರಡೂ ಒಂದೇ ತರ ಕಾಣ್ತವಲ್ಲಕ್ಕ, ನೀ ಎಂಗೆ ಗುರ್ತಿಸ್ತೀಯೆ?” ಕೊನೆಗೂ ರೋಜಾ ಕೇಳಿದಳು.

“ಹೂವ ನೋಡ್ತೀನಿ. ಗಣಿಕೆದು ಮೆಣಸಿನ ಗಿಡದ ಹೂವಿನಂಗೆ ಸಣ್ಣಕೆ, ಬೆಳ್ಳಗೆ. ಕಾಯಿ ನುಣ್ಣಗೆ ಮಣಿಯಂಗೆ. ಉಮ್ಮತ್ತಿ ಹೂವು ಉದ್ದ ಕೊಳವೆ ತರ, ಕಾಯಿ ತುಂಬ ಮುಳ್ಳು. ಹೂವೂ ಕಾಯೂ ಇಲ್ದಿದ್ರೆ ನಾ ಮುಟ್ಟಕಿಲ್ಲ. ಬರೀ ಹೆಸರು ನಂಬಬ್ಯಾಡ. ನಿನ್ನ ತವರು ಸೋಮನಾಥಪುರದ ತಾವ ಕಾಗೆ ಸೊಪ್ಪು ಅಂತಾರಲ್ಲ, ಅದೂ ಈ ಗಣಿಕೆನೇ.”

“ಇನ್ಮೇಲೆ ಇಬ್ರೂ ಒಟ್ಟಿಗೆ ಓಗಿ ಕಿತ್ಕೊಂಬಂದ್ರೇನೇ ನಾ ಉಣ್ಣದು,” ಎಂದರು ಅತ್ತೆ. ಮಾದೇಶನೂ ತಲೆಯಾಡಿಸಿದ. ರೋಜಾಳ ಹೊಟ್ಟೆಕಿಚ್ಚು ಪೂರಾ ಆರಿತು ಎಂದರೆ ಸುಳ್ಳಾದೀತು. ಆದರೆ ಗೊತ್ತಿಲ್ಲದ್ದನ್ನು ಈಗ ಕೇಳುತ್ತಾಳೆ.

ಅಕ್ಕತಂಗಿಯರೇ, ಹೂವು ಕಾಯಿ ನೋಡದೆ ಸೊಪ್ಪು ಕೀಳಬೇಡಿ. ಅನುಮಾನ ಬಂದರೆ ಬಲ್ಲವರನ್ನು ಕೇಳಿ, ಅವರನ್ನು ಕಂಡರೆ ನಿಮಗೆ ಆಗದಿದ್ದರೂ ಕೇಳಿ. ಯಾರಿಗಾದರೂ ಹೀಗಾದರೆ ಮನೆಮದ್ದು, ಮಂತ್ರ ಎಂದು ಕೂರದೆ ಆಸ್ಪತ್ರೆಗೆ ಓಡಿ, ಉಳಿದ ಸೊಪ್ಪನ್ನೂ ಜೊತೆಗೆ ಒಯ್ಯಿರಿ. ಏನು ತಿಂದರೆಂದು ಡಾಕ್ಟರು ಕೇಳಿದಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ನೋಡಬೇಡಿ, ಹೇಳಿಬಿಡಿ.