ಹರಿವಾಣದಲ್ಲಿದ್ದ ಕೀ

ಆಯುಧಪೂಜೆಯ ದಿನ ನಮ್ಮ ಪ್ರಯೋಗಾಲಯದ ಕತ್ತರಿಯಿಂದ ಹಿಡಿದು ಸ್ಕೂಟರಿನ ಕೀಯವರೆಗೆ ಎಲ್ಲವೂ ದೇವರ ಮುಂದಿನ ಹರಿವಾಣಕ್ಕೆ ಬರುತ್ತದೆ. ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಜನರೇಟರಿನ ಕೀಯನ್ನೂ ಅಲ್ಲಿಟ್ಟದ್ದು ನೋಡಿ ಮಾತ್ರ ಮೈ ಉರಿಯಿತು. ಮೈಕ್ರೋಸ್ಕೋಪಿನ ಕೋಣೆಯ ಹೊಣೆ ನನ್ನದು.

"ಸರ್, ಅದೊಂದು ಬೇಡ. ಒಳಗೆ ಅನಘಳ ಮೀನು ಉಂಟು," ಎಂದೆ.

"ಅರ್ಧ ಗಂಟೆಯ ಪೂಜೆ ಸತ್ಯಭಾಮಾ. ಯುಪಿಎಸ್ ಉಂಟಲ್ಲ, ಎಂತ ಹೆದರಿಕೆ?" ಎಂದರು ವಿಭಾಗದ ಮುಖ್ಯಸ್ಥ ಬಾಲಚಂದ್ರ ಸರ್. ಅರ್ಚಕರ ಮನೆಯವರು, ವರ್ಷಕ್ಕೊಮ್ಮೆ ಪ್ಯಾಂಟ್ ಬಿಟ್ಟು ಮಡಿ ಉಟ್ಟರೆ ಅವರೆದುರು ನಮ್ಮ ಮಾತು ನಡೆಯುವುದಿಲ್ಲ.

ಯುಪಿಎಸ್ ಇತ್ತು, ಹೆಸರಿಗೆ. ಬ್ಯಾಟರಿ ಹಳತಾಗಿ ಹತ್ತು ನಿಮಿಷ ಎಳೆದರೆ ಹೆಚ್ಚು. ಮೈಕ್ರೋಸ್ಕೋಪಿನಡಿ ಮೀನಿನ ಭ್ರೂಣ, ಸಾಸಿವೆಯಷ್ಟು ದೊಡ್ಡದು. ಅದರ ಹೃದಯ ಮೊದಲ ಸಲ ಮಿಡಿಯುವುದನ್ನು ಅನಘ ಚಿತ್ರ ಹಿಡಿಯಬೇಕಿತ್ತು. ಹಿಂದೆ ಎರಡು ಸಲ ಕರೆಂಟ್ ಕೈಕೊಟ್ಟಿತ್ತು. ಅವಳ ಪಿಎಚ್‌ಡಿ ಅವಧಿ ಈ ತಿಂಗಳಿಗೆ ಮುಗಿಯುತ್ತದೆ, ಇನ್ನೊಂದು ಅವಕಾಶವಿಲ್ಲ.

ಅಷ್ಟೋತ್ತರದ ನಡುವೆ ಗುಡುಗಿತು, ಕರೆಂಟ್ ಹೋಯಿತು. ಒಳಗೆ ಯುಪಿಎಸ್ ಬಿಟ್ಟು ಬಿಟ್ಟು ಕೂಗತೊಡಗಿತು. ಜನರೇಟರ್ ನೋಡಿಕೊಳ್ಳುವ ಸಂಕಪ್ಪ ನನ್ನ ಮುಖ ನೋಡಿದ. ನಾನು ಸರ್ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ನಾಮ ಹೇಳುತ್ತಲೇ ಇದ್ದರು. ಬಾಗಿಲಲ್ಲಿ ನಿಂತ ಅನಘ ದುಪಟ್ಟಾದ ತುದಿ ಕಚ್ಚಿಕೊಂಡಿದ್ದಳು; ಬಾಯಿ ಬಿಡಲು ಪಾಪ, ಧೈರ್ಯವಿಲ್ಲ.

ಸ್ವಲ್ಪ ಹೊತ್ತಿಗೆ ಯುಪಿಎಸ್ ಬಿಡುವಿಲ್ಲದೆ ಕೂಗಿತು. ಅದು ಕೊನೆಯ ಎಚ್ಚರಿಕೆ. ನನಗೆ ತಡೆಯಲಾಗಲಿಲ್ಲ, ಹರಿವಾಣಕ್ಕೆ ಕೈ ಹಾಕಿದೆ.

ಸರ್ ನನ್ನ ಕೈ ಹಿಡಿದರು. ನಾಮ ನಿಂತಿತು.

"ಅದು ನನ್ನ ಸ್ಕೂಟರಿನ ಕೀ ಮಾರಾಯ್ತಿ," ಎಂದವರು ಹೂವಿನಡಿಯಿಂದ ಜನರೇಟರಿನ ಕೀ ಹುಡುಕಿ ತೆಗೆದು ಸಂಕಪ್ಪನತ್ತ ಎಸೆದರು. "ಓಡು!"

ಜನರೇಟರ್ ಶುರುವಾಯಿತು, ಯುಪಿಎಸ್ ಸುಮ್ಮನಾಯಿತು. ಸರ್ ಮತ್ತೆ ಮೊದಲ ನಾಮದಿಂದ ಹಿಡಿದರು.

ಮಂಗಳಾರತಿಗೆ ಎಲ್ಲರೂ ಎದ್ದಾಗ ಒಳಗಿಂದ ಅನಘ ಕಿರುಚಿದಳು. ಆರತಿಯನ್ನು ಅಲ್ಲೇ ಇಟ್ಟು, ಗಂಟೆ ಹಿಡಿದುಕೊಂಡೇ ಸರ್ ನನ್ನ ಹಿಂದೆ ಓಡಿ ಬಂದರು. ಪರದೆಯ ಮೇಲೆ ಒಂದು ಚುಕ್ಕೆ ಅದುರಿತು, ನಿಂತಿತು, ಮತ್ತೆ ಅದುರಿತು. ಅನಘ ಅಳುತ್ತಿದ್ದಳು.

ಸರ್ ಅಲ್ಲೇ ನಿಂತು ಗಂಟೆ ಬಾರಿಸಿದರು. ಕೋಣೆಯೊಳಗೆ ಸದ್ದು ಮಾಡಬಾರದೆಂದು ಬೋರ್ಡ್ ಹಾಕಿದವಳು ನಾನೇ. ಕೈ ಮುಗಿದೆ.